ಬೆನ್ನು ತಿರುಗಿಸಿದ ಕುರ್ಚಿ

ನನ್ನ ದಡ್ಡತನವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ನೀವು ಆರಾಮಾಗಿ ಓದಬಹುದು. ಒಬ್ಬ ವ್ಯಾನ್ ಡ್ರೈವರನ ಲೈಸೆನ್ಸ್ ಉಳಿಯಬೇಕೋ ಹೋಗಬೇಕೋ ಎಂಬುದನ್ನು ಒಂದು ಮಧ್ಯಾಹ್ನ ನಾನು ಅರೆನಿದ್ದೆಯಲ್ಲಿ ತೀರ್ಮಾನಿಸಿದೆ. ನನಗೆ ಆ ಅಧಿಕಾರ ಇರಲಿಲ್ಲ. ಕುರ್ಚಿ ನನ್ನದಲ್ಲ, ದನಿಯೂ ನನ್ನದಲ್ಲ. ನನ್ನದು ಅಂತ ಅಲ್ಲಿ ಇದ್ದದ್ದು ಊಟವಾದ ಮೇಲಿನ ತೂಕಡಿಕೆ ಒಂದೇ.

ಬೆಂಗಳೂರಿನ ದಕ್ಷಿಣ ಭಾಗದ ಒಂದು ಸಾರಿಗೆ ಕಚೇರಿಯಲ್ಲಿ ನಾನು ಕೇಸ್ ವರ್ಕರ್. ಸಿಗ್ನಲ್ ಹಾರಿದವರು, ಕುಡಿದು ಓಡಿಸಿದವರು, ಫೋನನ್ನು ಕಿವಿಗಿಟ್ಟುಕೊಂಡು ಓಡಿಸಿದವರು, ಇವರ ಲೈಸೆನ್ಸ್ ಅಮಾನತು ಮಾಡಿ ಎಂದು ಪೊಲೀಸರು ಬರೆದು ಕಳಿಸುತ್ತಾರೆ. ನಾನು ಅವರ ಹಳೆಯ ಕೇಸುಗಳನ್ನು ಕಂಪ್ಯೂಟರಿನಲ್ಲಿ ಹುಡುಕಿ, ಟಿಪ್ಪಣಿ ಬರೆದು, ನೋಟಿಸ್ ಕಳಿಸಿ, ವಿಚಾರಣೆಗೆ ಕರೆಸುತ್ತೇನೆ. ಅವರ ಮಾತು ಕೇಳಿ, ಮೂರು ತಿಂಗಳು ಅಮಾನತೋ ಅಥವಾ ಬಿಟ್ಟು ಕಳಿಸುವುದೋ ಎಂದು ಹೇಳುವವರು ಸಾಹೇಬರು. ಬಾರದೆ ಹೋದವರಿಗೆ ಗೈರುಹಾಜರಿ ಬರೆದು ಅಮಾನತು. ಕೆಲಸ ಇಷ್ಟೇ. ಉಳಿದ ಹೊತ್ತಿನಲ್ಲಿ ನಾನು ಬೇರೆಯವರಾಗಿರುತ್ತೇನೆ.

ಇದು ಚಿಕ್ಕಂದಿನ ಚಾಳಿ. ವಿಚಾರಣೆಗೆ ಬಂದವರು ಮೆಟ್ಟಿಲು ಇಳಿಯುವ ಮೊದಲೇ ಅವರ ದನಿ ನನ್ನ ಗಂಟಲಲ್ಲಿ ಬಂದು ಕೂತಿರುತ್ತದೆ. ಜಯನಗರದ ನಿವೃತ್ತ ಅಂಕಲ್ ಒಬ್ಬರು ಕನ್ನಡಕ ಮೂಗಿನ ತುದಿಗಿಳಿಸಿ, "ನೋಡಪ್ಪಾ, ಈ ಸಿಗ್ನಲ್ ಹುಟ್ಟೋಕ್ಮುಂಚೆಯಿಂದ ನಾನು ಇಲ್ಲಿ ಸ್ಕೂಟರ್ ಓಡಿಸ್ತಿದೀನಿ. ನನ್ನ ನೋಡಿ ಅದು ನಿಲ್ಬೇಕು" ಎಂದಿದ್ದರು. ಬಿಟಿಎಮ್ ಲೇಔಟಿನ ಹುಡುಗನದು, "ಬ್ರೋ, ಆಕ್ಚುಯಲಿ ಮುಂದಿದ್ದ ಕ್ಯಾಬ್‌ನವ್ನು ಹಾರಿದ, ನಾನು ಜಸ್ಟ್ ಫಾಲೋ ಮಾಡ್ದೆ." ಎಲ್ಲಕ್ಕಿಂತ ನನಗೆ ಪ್ರಿಯವಾದವರು ಪುಟ್ಟೇನಹಳ್ಳಿಯ ಹಳೇ ಊರಿನ ಯಜಮಾನರು, ಈಗ ಬಾಡಿಗೆ ಮನೆಗಳ ಒಡೆಯರು. "ಆ ರೋಡು ನಮ್ಮ ಹೊಲ ಕಣಪ್ಪ. ಅಲ್ಲಿ ರಾಗಿ ಬೆಳೀತಿದ್ವಿ. ನಮ್ಮ ಹೊಲದಾಗೆ ನಾನು ರಾಂಗ್ ಸೈಡ್ ಹೋದ್ರೆ ನಿಮ್ಗೇನ್ ಕಷ್ಟ?"

ಪಕ್ಕದ ಟೇಬಲಿನ ಟಪಾಲು ನೋಡುವ ಅಕ್ಕ ಇದನ್ನೆಲ್ಲ ಕೇಳಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಆಮೇಲೆ, "ನಿನ್ ಸ್ವಂತ ದನಿ ಯಾವ್ದೋ? ಒಂದಿನ ಅದನ್ನೂ ಕೇಳ್ಸು" ಎನ್ನುತ್ತಿದ್ದರು. ಕೇಳಿಸೋಣ ಎಂದು ಬಾಯಿ ತೆರೆದರೆ ಬರುತ್ತಿದ್ದದ್ದು ಅಕ್ಕನದೇ ದನಿ. ಏಟು ತಿನ್ನುವ ಮೊದಲು ಓಡಬೇಕಾಗುತ್ತಿತ್ತು.

ಆದರೆ ನನ್ನ ದೊಡ್ಡ ಸಾಧನೆ ಎಂದರೆ ಸಾಹೇಬರು. ಪ್ರತಿ ಮಾತಿಗೂ ಮೊದಲು ಬಾವಿಯಿಂದ ನೀರು ಸೇದಿದ ಹಾಗೆ ಒಂದು ಉದ್ದನೆಯ "ಹೂಂ". ಆಮೇಲೆ ಒಂದು ಮೌನ. ಆಮೇಲೆ ಕೊನೆಯ ಅಕ್ಷರವನ್ನು ಎಳೆದು ಒಂದು ಪುಟ್ಟ ವಾಕ್ಯ. ಅವರನ್ನು ಅನುಕರಿಸುವುದಕ್ಕೆ ಮುಖ ಬೇಕಾಗಿರಲಿಲ್ಲ, ಯಾಕೆಂದರೆ ವಿಚಾರಣೆಯಲ್ಲಿ ಅವರ ಮುಖವನ್ನು ಯಾರೂ ನೋಡುತ್ತಲೇ ಇರಲಿಲ್ಲ. ಜನ ಒಳಗೆ ಬಂದರೆ ಅವರು ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಬಿಡುತ್ತಿದ್ದರು. ಬಂದವರಿಗೆ ಕಾಣುತ್ತಿದ್ದದ್ದು ಎತ್ತರದ ಕುರ್ಚಿಯ ಬೆನ್ನು, ಅದರ ಮೇಲೆ ಹೊದಿಸಿದ ಬಿಳಿ ಟವೆಲ್. ಜನ ಟವೆಲ್ಲಿಗೆ ಕಷ್ಟ ಹೇಳಿಕೊಳ್ಳುತ್ತಿದ್ದರು. ಟವೆಲ್ಲಿನ ಆ ಕಡೆಯಿಂದ ತೀರ್ಪು ಬರುತ್ತಿತ್ತು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಕಾರಣ ಕೇಳಿದ್ದೆ. "ಮುಖ ನೋಡಿದ್ರೆ ಕೈ ನಡುಗುತ್ತೆ ಕಣಯ್ಯಾ. ಕಾಗದ ನೋಡಿದ್ರೆ ನಡುಗಲ್ಲ" ಎಂದಿದ್ದರು. ಅದು ನ್ಯಾಯ ಎಂದೇ ನನಗೂ ಅನ್ನಿಸಿತ್ತು. ಅಷ್ಟಕ್ಕೂ ಕಿಟಕಿಯ ಹೊರಗೆ ಒಂದು ಹೊಂಗೆಮರವಿತ್ತು. ಅದನ್ನು ನೋಡುತ್ತಾ ಕೂತವರು ಕೆಟ್ಟ ತೀರ್ಪು ಹೇಗೆ ತಾನೇ ಕೊಟ್ಟಾರು?

ಯುಗಾದಿಗೆ ಇನ್ನೂ ಸ್ವಲ್ಪ ದಿನವಿತ್ತು. ಸಾಹೇಬರು ಮೀಟಿಂಗಿಗೆ ಹೋಗಿದ್ದರು. ಅಕ್ಕ ಊಟದ ಡಬ್ಬಿ ತೊಳೆಯಲು ಕೆಳಗಿಳಿದಿದ್ದರು. ನಾನು ಮಧ್ಯಾಹ್ನದ ಫೈಲುಗಳನ್ನು ಸಾಹೇಬರ ಮೇಜಿನ ಮೇಲೆ ಇಡಲು ಹೋದೆ. ಕುರ್ಚಿ ಖಾಲಿ ಇತ್ತು. ಹೊಟ್ಟೆಯ ತುಂಬ ಪುಳಿಯೋಗರೆ ಇತ್ತು. ಕೂತೆ. ಕೂತ ಮೇಲೆ ಕುರ್ಚಿ ತಾನಾಗಿಯೇ ಕಿಟಕಿಯ ಕಡೆ ತಿರುಗಿತು, ಅದಕ್ಕೂ ಅಭ್ಯಾಸವಾಗಿತ್ತು.

ಆ ಮರವನ್ನು ನಾನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಹೊಸ ಎಲೆಗಳು ಇನ್ನೂ ಎಣ್ಣೆ ಸವರಿದ ಹಾಗಿದ್ದವು. ಬಿಸಿಲು ಅವುಗಳ ಒಳಗಿಂದ ಸೋಸಿ ಬಂದು ಗೋಡೆಯ ಮೇಲೆ ಹಸಿರು ನೀರಿನ ಹಾಗೆ ಅಲ್ಲಾಡುತ್ತಿತ್ತು. ಎಲ್ಲೋ ಒಂದು ಮನೆಯಲ್ಲಿ ಕುಕ್ಕರ್ ಕೂಗಿತು. ರಸ್ತೆಯಲ್ಲಿ ಈರುಳ್ಳಿ ಗಾಡಿಯ ಮೈಕು ಹತ್ತಿರ ಬಂದು ದೂರ ಹೋಯಿತು. ಫ್ಯಾನು ತಿರುಗುತ್ತಿತ್ತು. ನನ್ನ ಟಿಪ್ಪಣಿಗಳಲ್ಲಿ ಲೈಸೆನ್ಸ್ ಕಳೆದುಕೊಂಡವರೆಲ್ಲ ಆ ಎಲೆಗಳ ನಡುವೆ ಓಡಾಡುತ್ತಿದ್ದ ಹಾಗೆ ಕಂಡಿತು. ಯಾರ ಬಳಿಯೂ ಗಾಡಿ ಇಲ್ಲ, ಕೈಯಲ್ಲಿ ಬರೀ ಸ್ಟೀರಿಂಗ್. ಸ್ಕೂಟರ್ ಅಂಕಲ್, ರಾಗಿ ಹೊಲದ ಯಜಮಾನರು, ಬ್ರೋ, ಎಲ್ಲರೂ ಕೊಂಬೆಯಿಂದ ಕೊಂಬೆಗೆ ಮೆಲ್ಲಗೆ ತಿರುಗಿಸುತ್ತಾ ಹೋಗುತ್ತಿದ್ದರು. ಒಬ್ಬರಿಗೊಬ್ಬರು ತಗುಲುತ್ತಿರಲಿಲ್ಲ. ಹಾರನ್ ಇಲ್ಲ, ಸಿಗ್ನಲ್ ಇಲ್ಲ. ಆ ಮರದಲ್ಲಿ ಎಲ್ಲಾ ಸೈಡೂ ಸರಿಯಾದ ಸೈಡೇ.

"ಸಾರ್, ಬರ್ಲಾ?"

ಆ ದನಿಯೂ ಮರದಿಂದಲೇ ಬಂತು ಅಂದುಕೊಂಡೆ. "ಹೂಂ... ಹೇಳಿ" ಎಂದೆ. ನನ್ನ ಬಾಯಿಂದ ಹೊರಟದ್ದು ಸಾಹೇಬರು. ಅದನ್ನು ಕೇಳಿದ ಮೇಲೆಯೇ ನನಗೆ ಪೂರ್ತಿ ಎಚ್ಚರವಾದದ್ದು.

ಬಂದವನು ದೇವಸ್ಥಾನಕ್ಕೆ ಬಂದವನ ಹಾಗೆ ಚಪ್ಪಲಿಯನ್ನು ಬಾಗಿಲ ಹೊರಗೇ ಬಿಟ್ಟಿದ್ದ. ಅದಕ್ಕೇ ಹೆಜ್ಜೆ ಕೇಳಿಸಿರಲಿಲ್ಲ. ಸ್ಕೂಲು ಬಿಡುವ ಹೊತ್ತಿಗೆ ಅಲ್ಲಿರಬೇಕೆಂದು, ನೋಟಿಸಿನಲ್ಲಿದ್ದ ಸಮಯಕ್ಕಿಂತ ಮೊದಲೇ ಬಂದುಬಿಟ್ಟಿದ್ದ. ಈಗ ನಾನು ತಿರುಗಿದರೆ ಕೆಲಸ ಹೋಗುತ್ತದೆ, ತಿರುಗದಿದ್ದರೆ ಏನಾಗುತ್ತದೋ ಗೊತ್ತಿಲ್ಲ. ಟವೆಲ್ಲಿನ ಹಿಂದೆ ತಲೆ ತಗ್ಗಿಸಿ ಕೂತೆ.

"ಅರೆಕೆರೆಯಿಂದ ಜಯನಗರಕ್ಕೆ ಸ್ಕೂಲ್ ವ್ಯಾನ್ ಓಡಿಸ್ತೀನಿ ಸಾರ್" ಎಂದ. "ಫೋನಲ್ಲಿ ಮಾತಾಡ್ತಿದ್ದೆ ಅಂತ ಕ್ಯಾಮೆರಾ ಫೋಟೋ ತೆಗ್ದಿದೆ. ಫೋನಲ್ಲ ಸಾರ್, ದವಡೆ ಹಲ್ಲು. ನೋವು ತಡೀಲಾರ್ದೆ ಕೆನ್ನೆ ಹಿಡ್ಕೊಂಡಿದ್ದೆ. ಅದನ್ನ ಕಿತ್ಸೋಣ ಅಂದ್ರೆ ಮಕ್ಳಿಗೆ ಪರೀಕ್ಷೆ, ಒಂದಿನ ವ್ಯಾನ್ ನಿಲ್ಸಂಗಿಲ್ಲ. ಮೂರು ತಿಂಗಳು ಲೈಸೆನ್ಸ್ ಹೋದ್ರೆ ಪೇರೆಂಟ್ಸೆಲ್ಲ ಬೇರೆ ವ್ಯಾನಿಗೆ ಹಾಕ್ಬಿಡ್ತಾರೆ ಸಾರ್. ಹೋದ ಮಕ್ಳು ವಾಪಸ್ ಬರಲ್ಲ."

ನಿಜವೋ ಸುಳ್ಳೋ ನನಗೆ ತಿಳಿಯಲಿಲ್ಲ. ತಿಳಿಯುವ ಆಸೆಯೂ ಇರಲಿಲ್ಲ. ಈ ಮನುಷ್ಯ ಆಚೆ ಹೋದರೆ ಸಾಕಾಗಿತ್ತು.

"ಹೂಂ... ಆಯ್ತುಊ. ಹುಷಾರಾಗಿ ಓಡ್ಸಿ. ಹೋಗಿ."

"ಅಷ್ಟೇನಾ ಸಾರ್?"

"ಅಷ್ಟೇಏ."

ಟವೆಲ್ಲಿಗೆ ಕೈ ಮುಗಿದಿರಬೇಕು, ಬಳೆಯ ಹಾಗೆ ಬೀಗದಕೈ ಗೊಂಚಲು ಸದ್ದು ಮಾಡಿತು. ನಾನು ತಿರುಗಿ ನೋಡುವ ಹೊತ್ತಿಗೆ ಬಾಗಿಲು ಖಾಲಿ. ಮರದಲ್ಲೂ ಯಾರೂ ಇರಲಿಲ್ಲ.

ನೋಟಿಸಿನ ಸಮಯಕ್ಕೆ ಸಾಹೇಬರು ವಾಪಸಾದರು. ಆ ಫೈಲು ತೆಗೆದು, "ಬಂದಿದ್ನಾ?" ಎಂದರು.

"ಬಂದಿದ್ರು ಸಾರ್. ಹೋದ್ರು."

"ಹೂಂ... ನಾನಿಲ್ದೆ ಹೋದ್ರೆ ಬಂದ ಹಾಗಲ್ಲ. ಗೈರುಹಾಜರಿ ಬರಿ. ನಾಳೆ ಅಮಾನತಿಗೆ ಸೈನ್ ಹಾಕ್ತೀನಿ."

ಅಂದರೆ ನಾನು ಬಿಟ್ಟು ಕಳಿಸಿದ ಮನುಷ್ಯ ನಾಳೆಯಿಂದ ಲೈಸೆನ್ಸಿಲ್ಲದವನು. ಅದು ಅವನಿಗೆ ಗೊತ್ತೇ ಇರುವುದಿಲ್ಲ. ಸಿಳ್ಳೆ ಹೊಡೆದುಕೊಂಡು ಮಕ್ಕಳನ್ನು ತುಂಬಿಕೊಂಡು ಓಡಿಸುತ್ತಿರುತ್ತಾನೆ. ಯಾರಾದರೂ ಹಿಡಿದರೆ ವ್ಯಾನೂ ಹೋಗುತ್ತದೆ. ಅಲ್ಲೇ ಬಾಯಿ ಬಿಡಬೇಕಾಗಿತ್ತು. ಬಿಡಲಿಲ್ಲ. ತಲೆನೋವು ಎಂದು ಪರ್ಮಿಷನ್ ಕೇಳಿ, ತಿಲಕ್ ನಗರದ ಕಡೆಯ ಅಡ್ಡದಾರಿಯಲ್ಲಿ ಬೈಕ್ ಓಡಿಸಿದೆ. ಒಂದು ಕಡೆ ಒನ್ ವೇಯಲ್ಲಿ ಎದುರಿಗೆ ಹೋದದ್ದೂ ನಿಜ. ನನ್ನ ಟಿಪ್ಪಣಿಯನ್ನು ನಾನೇ ಬರೆದುಕೊಳ್ಳಬೇಕಾಗಿತ್ತು.

ಸ್ಕೂಲಿನ ಬೀದಿಯಲ್ಲಿ ಹಳದಿ ವ್ಯಾನುಗಳು ಸಾಲಾಗಿ ನಿಂತಿದ್ದವು. ಮರಗಳ ನೆರಳು ಅವುಗಳ ಮೇಲೆಲ್ಲ ಹರಡಿ, ಇಡೀ ಬೀದಿ ಇನ್ನೂ ನನ್ನ ಕನಸಿನೊಳಗೇ ಇದ್ದ ಹಾಗಿತ್ತು. ವ್ಯಾನ್ ನಂಬರನ್ನು ಫೈಲಿನಲ್ಲಿ ನೋಡಿದ್ದೆ, ಹುಡುಕುವುದು ಕಷ್ಟವಾಗಲಿಲ್ಲ. ಆತ ಸ್ಟೀರಿಂಗಿನ ಮೇಲೆ ಮೊಣಕೈ ಊರಿ, ಕೆನ್ನೆ ಹಿಡಿದು ಕೂತಿದ್ದ. ಹಿಂದೆ ಆಗಲೇ ಹತ್ತಿದ್ದ ಮಕ್ಕಳೂ ಒಂದೊಂದು ಕೈಯನ್ನು ಕೆನ್ನೆಗಿಟ್ಟು, ತಲೆ ವಾಲಿಸಿ, "ಅಯ್ಯೋ ಹಲ್ಲೇ" ಎಂದು ನರಳುತ್ತಿದ್ದವು. ವ್ಯಾನ್ ತುಂಬ ನನ್ನ ಜಾತಿಯವರೇ.

"ದಿನಾ ಹಿಂಗೇನಾ ಇವ್ರು?" ಎಂದೆ.

"ಸಂಕ್ರಾಂತಿಯಿಂದ ಇದೇ ಗೋಳು. ನೋವು ನಂದು, ತಮಾಷೆ ಇವರ್ದು" ಎಂದ. ಆ ಕಡೆಯ ಕೆನ್ನೆ ಹೂರಣ ಹೆಚ್ಚಾದ ಹೋಳಿಗೆಯ ಹಾಗೆ ಊದಿತ್ತು. "ನೀವ್ಯಾರು ಸಾರ್?"

ಹೇಳಿದೆ. ಮಧ್ಯಾಹ್ನ ಕುರ್ಚಿಯಲ್ಲಿದ್ದದ್ದು ಸಾಹೇಬರಲ್ಲ, ನಾನು, ನಾಳೆ ಬೆಳಿಗ್ಗೆ ನೀವು ಬಂದು ನಿಜವಾದ ಸಾಹೇಬರಿಗೆ ಹೇಳದಿದ್ದರೆ ಲೈಸೆನ್ಸ್ ಹೋಗುತ್ತದೆ ಎಂದೆ.

ಆತ ನಕ್ಕ. "ಸುಮ್ನಿರಿ ಸಾರ್. ಸಾಹೇಬ್ರೇ ಹೋಗಿ ಅಂದ್ರು. ದೊಡ್ಡ ಮನುಷ್ಯರ ದನಿ ನಂಗೆ ಗೊತ್ತಾಗಲ್ವಾ?"

ಬೇರೆ ದಾರಿ ಇರಲಿಲ್ಲ. ನಡುಬೀದಿಯಲ್ಲಿ ಬೆನ್ನು ತಿರುಗಿಸಿ ನಿಂತು, "ಹೂಂ... ಆಯ್ತುಊ. ಹುಷಾರಾಗಿ ಓಡ್ಸಿ. ಹೋಗಿ" ಎಂದೆ. ಮಕ್ಕಳು ಚಪ್ಪಾಳೆ ತಟ್ಟಿ, "ಇನ್ನೊಂದ್ಸಲ ಅಂಕಲ್!" ಎಂದವು. ತಿರುಗಿ ನೋಡಿದರೆ ಆತನ ಮುಖದಲ್ಲಿ ನಗು ಇರಲಿಲ್ಲ.

"ಮಧ್ಯಾಹ್ನ ಮನೆಯವಳಿಗೆ ಫೋನ್ ಮಾಡಿ, ಉಳ್ಕೊಂಡ್ವಿ ಕಣೇ ಅಂದ್ಬಿಟ್ಟೆನಲ್ಲಪ್ಪಾ" ಎಂದ. ಅದನ್ನು ಅನುಕರಿಸಲು ನನಗೆ ಇವತ್ತಿಗೂ ಆಗಿಲ್ಲ. ಪ್ರಯತ್ನಿಸಿಯೂ ಇಲ್ಲ.

ಮರುದಿನ ಆತ ಮಕ್ಕಳನ್ನು ಸ್ಕೂಲಿಗಿಳಿಸಿ ನೇರವಾಗಿ ಬಂದ. ಅವನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ, ನಾನು ಒಳಗೆ ಹೋಗಿ ಸಾಹೇಬರ ಎದುರು ನಿಂತು ಎಲ್ಲವನ್ನೂ ಒಪ್ಪಿಸಿದೆ. ಅವರು ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು.

"ಮಾಡು" ಎಂದರು.

"ಏನ್ ಸಾರ್?"

"ನನ್ನ ಹಾಗೆ. ಮಾಡು ನೋಡೋಣ."

ಮಾಡಿದೆ. ಹೊರಗೆ ಅಕ್ಕ ಕೆಮ್ಮಿದ್ದು ಕೇಳಿಸಿತು.

"ಹೂಂ... ನಾನು ಹಾಗೆ ಎಳೆಯಲ್ಲಾಆ" ಎಂದರು ಸಾಹೇಬರು. ನಾನು ನೆಲ ನೋಡಿದೆ. "ನಿನ್ನ ವಿಷಯ ಆಮೇಲೆ. ಅವನನ್ನ ಕರಿ."

ಕುರ್ಚಿ ಕಿಟಕಿಯ ಕಡೆ ತಿರುಗಿತು. ಆತ ಬರಿಗಾಲಲ್ಲಿ ಬಂದು, ನಿನ್ನೆ ಹೇಳಿದ್ದನ್ನೇ ಮತ್ತೆ ಹೇಳಿದ. ನಿನ್ನೆಗಿಂತ ಸಣ್ಣದಾಗಿ ಹೇಳಿದ. ಅದೇ ಟವೆಲ್ಲಿಗೆ ಎರಡನೇ ಸಲ ನಂಬಿಕೆ ಬರುವುದು ಕಷ್ಟ. ಕಿಟಕಿಯ ಆಚೆ ಹೊಂಗೆಮರ ಏನೂ ಗೊತ್ತಿಲ್ಲದ ಹಾಗೆ ಮಿನುಗುತ್ತಿತ್ತು.

"ಹೂಂ... ಹಲ್ಲುನೋವು ಅಂತ ಹೇಳೋರು ಬಹಳ ಜನ. ಫೋಟೋದಲ್ಲಿ ಕೈ ಕಿವಿ ಹತ್ರ ಇದೆ. ಮೂರು ತಿಂಗಳು. ಬರ್ಕೋಳಯ್ಯಾ."

"ಸಾರ್, ಅವರ ಕೆನ್ನೆ ಒಂದ್ಸಲ..." ಎಂದೆ. ನನ್ನ ಸ್ವಂತ ದನಿ ಆವತ್ತು ಕೇಳಿಸಿತು. ಬಾಗಿಲ ಸಂದಿಗೆ ಸಿಕ್ಕ ಇಲಿಯ ಹಾಗಿತ್ತು.

"ನೀನು ಬಾಯ್ಮುಚ್ಚು. ನಿನ್ನೆ ಬೇಕಾದಷ್ಟು ಮಾತಾಡಿದೀಯ."

ನಾನು ಪೆನ್ನು ಹಿಡಿದೆ. ಆತ ಒಂದೇ ಒಂದು ಮಾತು ಆಡಿದ್ದು ಆಗ. ಗದರಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಆ ಮಾತಿಗೆ ಕುರ್ಚಿ ಕಿರ್ರೆಂದು ಪೂರ್ತಿ ಈ ಕಡೆ ತಿರುಗಿತು. ಸಾಹೇಬರು ಊದಿದ ಕೆನ್ನೆಯನ್ನು, ಮತ್ತೆ ಫೋಟೋವನ್ನು, ಮತ್ತೆ ಕೆನ್ನೆಯನ್ನು ನೋಡಿದರು. ಕೈಯಲ್ಲಿ ಫೋನ್ ಕಾಣುವುದಿಲ್ಲ, ವಿವರಣೆ ಒಪ್ಪಿದೆ, ಅಮಾನತು ಬೇಡ ಎಂದು ನನ್ನ ಕೈಯಿಂದ ಪೆನ್ನು ಕಸಿದುಕೊಂಡು ತಾವೇ ಬರೆದರು. ಬರೆಯುವಾಗ ಅವರ ಕೈ ನಡುಗಿದ್ದನ್ನು ನಾನು ನೋಡಿದೆ. ಸ್ಕೂಲು ಬಿಡುವ ಹೊತ್ತಿಗೆ ವ್ಯಾನು ತನ್ನ ಸಾಲಿನಲ್ಲಿತ್ತು.

ಆ ಕೇಸು ಮುಗಿದದ್ದು ಆ ಮಾತಿನಿಂದ. ಕೆನ್ನೆಯ ಮೇಲಿಂದ ಕೈ ತೆಗೆದು, ಆತ ಟವೆಲ್ಲಿಗೆ ಹೇಳಿದ್ದು ಇಷ್ಟೇ:

"ನಿನ್ನೆ ಈ ಹುಡುಗ ತಿರುಗ್ಲಿಲ್ಲ ಸಾರ್, ಸಿಕ್ಕಾಕ್ಕೋತೀನಿ ಅಂತ ಹೆದರ್ಕೊಂಡಿದ್ದ. ನೀವ್ ಯಾಕ್ ಹೆದರ್ತೀರ? ನಿಮ್ ಕುರ್ಚೀಲಿ ನೀವೇ ತಾನೇ ಕೂತಿರೋದು?"