ಕಿಟಕಿಯಿಂದ ಕಿಟಕಿಗೆ ಸರಿಯುವ ಪಾಠ

ಇನ್ನೂ ಬೆಳಕು ಹರಿದಿಲ್ಲ. ಡಿಪೋದ ಮೂಲೆಯಲ್ಲಿ, ಬಸ್ಸು ತೊಳೆಯುವ ಜಾಗದಲ್ಲಿ, ಮೈಯೆಲ್ಲ ಕೆಸರು ಮೆತ್ತಿಕೊಂಡ ಬಸ್ಸೊಂದು ನಿಂತಿದೆ. ಮೊಣಕಾಲುದ್ದದ ರಬ್ಬರ್ ಬೂಟು ತೊಟ್ಟ ಹೆಂಗಸೊಬ್ಬರು ಉದ್ದ ಹಿಡಿಯ ಬ್ರಷ್ಷನ್ನು ಬಕೆಟ್ಟಿಗೆ ಅದ್ದಿ ಮೊದಲ ಕಿಟಕಿಯನ್ನು ಉಜ್ಜುತ್ತಿದ್ದಾರೆ. ಬಸ್ಸಿನೊಳಗೆ, ಎರಡನೆಯ ಕಿಟಕಿಯ ಪಕ್ಕ, ಅವರ ಮಗಳು ವಿಜ್ಞಾನದ ಪುಸ್ತಕ ಬಿಚ್ಚಿಕೊಂಡು ಗಟ್ಟಿಯಾಗಿ ಓದುತ್ತಿದ್ದಾಳೆ. ಅಮ್ಮ ಎರಡನೆಯದಕ್ಕೆ ಬಂದರೆ ಮಗಳು ಮೂರನೆಯದಕ್ಕೆ ಜರುಗುತ್ತಾಳೆ. ಯಾವಾಗಲೂ ಒಂದು ಕಿಟಕಿ ಮುಂದೆಯೇ ಇರಬೇಕು, ಇಲ್ಲದಿದ್ದರೆ ಪುಸ್ತಕಕ್ಕೂ ಸ್ನಾನವಾಗುತ್ತದೆ. ಒಮ್ಮೆ ಹಾಗೆ ಆಗಿಯೂ ಇದೆ. ಸಮಾಜ ಪುಸ್ತಕದ ಉಬ್ಬಿದ ಹಾಳೆಗಳೇ ಅದಕ್ಕೆ ಸಾಕ್ಷಿ.

"ಟೀಚರಮ್ಮಾ, ಪಾಠ ಮುಗೀತಾ? ಬಸ್ ಬಿಡ್ಲಾ?" ಎಂದು ಮೊದಲ ಪಾಳಿಯ ಡ್ರೈವರ್ ಕೂಗುತ್ತಾರೆ.

"ಇನ್ನೊಂದು ಪ್ಯಾರಾ ಇದೆ, ತಡೀರಿ ಮಾಮ," ಎನ್ನುತ್ತಾಳೆ ಹುಡುಗಿ.

ಡಿಪೋದಲ್ಲಿ ಈ ತಾಯಿಗೆ ಎಲ್ಲರೂ ಕರೆಯುವ ಹೆಸರು ನೀರಕ್ಕ. ಮೈಲಿಗಟ್ಟಲೆ ಓಡಿ ದೂಳು ಮುಕ್ಕಿ ಬಂದ ಬಸ್ಸುಗಳು ಬೆಳಗಾಗುವಷ್ಟರಲ್ಲಿ ಮುಖ ತೊಳೆದುಕೊಂಡು ನಿಲ್ಲುತ್ತವೆ ಎಂದರೆ ಅದು ಇವರ ರಟ್ಟೆಯ ಕೆಲಸ. ದಿನಕ್ಕೆ ಹತ್ತು ಹನ್ನೆರಡು ಬಸ್ಸುಗಳಿಗೆ ಮೋಸವಿಲ್ಲ. ಹತ್ತುವ ಪ್ರಯಾಣಿಕರು ಸೀಟು ನೋಡುತ್ತಾರೆ, ಗಾಜು ಯಾಕೆ ಹೊಳೆಯುತ್ತಿದೆ ಎಂದು ಯಾರೂ ಕೇಳುವುದಿಲ್ಲ.

ನೀರಕ್ಕ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಬಸ್ಸಿನ ಬೋರ್ಡನ್ನು ಅಂದಾಜಿನ ಮೇಲೆ ಗುರುತು ಹಿಡಿಯುತ್ತಾರೆ. ಹೋದ ವರ್ಷ ಮಗಳು ವಿಜ್ಞಾನದಲ್ಲಿ ಫೇಲಾಗಿ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಾಗ, ಹೇಳಿಕೊಡುವವರು ಮನೆಯಲ್ಲಿ ಯಾರೂ ಇರಲಿಲ್ಲ. ಆದರೆ ಬುದ್ಧಿ ಹೇಳುವವರಿಗೆ ಬರವೇ? ಹುಡುಗಿಯ ಸೋದರತ್ತೆ ಬಂದವರೇ ತೀರ್ಪು ಕೊಟ್ಟರು: "ಅವಳ ತಲೆಗೆ ಓದು ಹತ್ತಲ್ಲ ಬಿಡಿ. ನಮ್ಮ ಪರಿಚಯದ ಬಟ್ಟೆ ಅಂಗಡೀಲಿ ಜಾಗ ಇದೆ, ಸೇರಿಸ್ತೀನಿ." ತರಕಾರಿ ಮಂಡಿಯಲ್ಲಿ ಮೂಟೆ ಇಳಿಸುವ ಅಪ್ಪನೂ ತಂಗಿಯ ಮಾತಿಗೆ ಅರ್ಧ ತಲೆಯಾಡಿಸಿದ್ದರು.

ನೀರಕ್ಕ ಮಾತ್ರ ಜಪ್ಪಯ್ಯ ಅನ್ನಲಿಲ್ಲ. "ನಂಗೆ ಹೇಳಿಕೊಡೋಕೆ ಬರಲ್ಲ, ಕೇಳೋಕೆ ಬರುತ್ತಲ್ಲ. ನನ್ ಜೊತೆ ಡಿಪೋಗೆ ಬಾ, ಗಟ್ಟಿಯಾಗಿ ಓದು," ಎಂದು ಮಗಳನ್ನು ಎಬ್ಬಿಸಿಕೊಂಡು ಹೊರಟರು. ಅಪ್ಪ ಒಂದೆರಡು ದಿನ ಗೊಣಗಿ, ಆಮೇಲೆ ತಾವೇ ಸೌಟು ಹಿಡಿದರು. "ಒಲೆ ನಂದು, ಓದು ನಿಮ್ದು" ಎಂಬ ಒಪ್ಪಂದ ಅಂದಿನಿಂದ ಜಾರಿಯಲ್ಲಿದೆ. ಉಪ್ಪು ಕೆಲವೊಮ್ಮೆ ಒಪ್ಪಂದ ಮೀರುತ್ತದೆ, ಆ ಮಾತು ಬೇರೆ.

ಆದರೆ ಮೊದಲ ತಿಂಗಳು ನಡೆದದ್ದು ಪಾಠವಲ್ಲ, ಪ್ರಹಸನ. ಆಗ ನೀರಕ್ಕ ಪೈಪು ಹಿಡಿದು ತೊಳೆಯುತ್ತಿದ್ದರು. ನೀರೆತ್ತುವ ಮೋಟಾರು ಪಕ್ಕದಲ್ಲೇ ಗುಡುಗುತ್ತಿತ್ತು. ಮಗಳು ಉಸಿರು ತೆಗೆದುಕೊಳ್ಳಲು ನಿಂತಾಗಲೆಲ್ಲ ಅವರು ತಪ್ಪದೆ "ಹೂಂ, ಆಮೇಲೆ?" ಎನ್ನುತ್ತಿದ್ದರು. ಹುಡುಗಿಗೆ ಅನುಮಾನ ಬಂತು. ಒಂದು ಬೆಳಿಗ್ಗೆ ಪುಸ್ತಕ ಮುಚ್ಚಿಟ್ಟು, ಬಸ್ಸಿನ ಗೋಡೆಯ ಮೇಲೆ ಬರೆದದ್ದನ್ನೇ ರಾಗವಾಗಿ ಓದಿದಳು: ಕೈ, ತಲೆ ಹೊರಗೆ ಹಾಕಬೇಡಿ. ಚಾಲಕರೊಡನೆ ಮಾತನಾಡಬೇಡಿ.

"ಹೂಂ, ಆಮೇಲೆ?" ಎಂದರು ಅಮ್ಮ.

ಹುಡುಗಿ ಬಸ್ಸಿನಿಂದ ಇಳಿದು ಎದುರಿಗೇ ಬಂದು ನಿಂತಳು. "ನಿಂಗೆ ಏನೂ ಕೇಳಿಸ್ತಿಲ್ಲ, ಅಲ್ವಾಮ್ಮ? ಇಷ್ಟು ದಿನ ನಾನು ಯಾರಿಗೆ ಓದ್ತಿದ್ದೆ? ನಾಳೆಯಿಂದ ಬರಲ್ಲ. ಅತ್ತೆ ಹೇಳಿದ ಅಂಗಡಿಗೇ ಹೋಗ್ತೀನಿ."

"ಅವಳು ಹೇಳಿದ್ದು ನಿಜಾನೇ," ಎಂದು ನೆನೆಯುತ್ತಾರೆ ನೀರಕ್ಕ. "ಓದ್ತಾ ಇದ್ರೆ ಸಾಕು, ಕೇಳಿಸದಿದ್ರೆ ಏನಂತೆ ಅಂದ್ಕೊಂಡಿದ್ದೆ. ಮಗೂಗೆ ಮೋಸ ಮಾಡಿದೆ ಅನ್ನಿಸ್ತು." ಆಗ ಅವರು ನೇರ ಹೋಗಿ ಮೋಟಾರು ಆರಿಸಿ, ಬಕೆಟ್ಟು ಎತ್ತಿಕೊಂಡು ಬಂದರು. "ಈಗ ಓದು," ಎಂದರು.

ಅಂದಿನಿಂದ ಪೈಪು ಚಕ್ರಕ್ಕೆ, ತಳಕ್ಕೆ ಮಾತ್ರ. ಉಳಿದ ಮೈಯೆಲ್ಲ ಬಕೆಟ್ಟಿನ ನೀರಿನಲ್ಲೇ. ಪೈಪಿನಲ್ಲಿ ಹೂವೆತ್ತಿದಂತೆ ಮುಗಿಯುತ್ತಿದ್ದ ಕೆಲಸಕ್ಕೆ ಈಗ ಬೆನ್ನು ಮುರಿಯಬೇಕು, ಅದಕ್ಕಾಗಿಯೇ ಬೇಗ ಬರಬೇಕು. ಮೇಸ್ತ್ರಿ ಮೊದಮೊದಲು ರೇಗಿದರು: "ಪೈಪ್ ಕೊಟ್ಟಿರೋದು ನೋಡೋಕಾ, ನೀರಕ್ಕ?" ಬಸ್ಸು ತಡವಾದರೆ ಕೇಳಿ ಎಂದರು ಇವರು. ಬಸ್ಸು ತಡವಾಗಲಿಲ್ಲ. ಈಗ ಸಂಜೆಯಾದರೆ ಭುಜ ಮೇಲೆತ್ತಲು ಆಗುವುದಿಲ್ಲ, ಮನೆಯಲ್ಲಿ ಅಪ್ಪ ಮುಲಾಮು ತಿಕ್ಕುತ್ತಾರೆ. ಇದನ್ನು ಹೇಳುವಾಗ ನೀರಕ್ಕ ನಾಚಿ ನಗುತ್ತಾರೆ.

ಕಿವಿಗೆ ಬಿದ್ದ ಮೇಲೆ ಪ್ರಶ್ನೆ ಹುಟ್ಟದೆ ಇರುತ್ತದೆಯೇ? ಹೃದಯದ ಪಾಠದ ದಿನ ನೀರಕ್ಕ ಬ್ರಷ್ಷು ನಿಲ್ಲಿಸಿ, "ಅಲ್ವೇ, ಅದಕ್ಕೆ ರಜಾನೇ ಇಲ್ವಾ?" ಎಂದು ಕೇಳಿದರು. ಮಗಳಿಗೆ ಗೊತ್ತಿರಲಿಲ್ಲ. ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂರುತ್ತಿದ್ದ ಹುಡುಗಿ ಅಂದು ತರಗತಿಯಲ್ಲಿ ಮೊದಲ ಸಲ ಕೈ ಎತ್ತಿದಳು. ಮರುದಿನ ಉತ್ತರ ತಂದು ಒಪ್ಪಿಸಿದಳು: ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಅದು ಚೂರು ವಿಶ್ರಾಂತಿ ತೆಗೆದುಕೊಳ್ಳುತ್ತದಂತೆ.

"ಪಾಪ, ಅದೂ ನನ್ ಹಾಗೇನೇ," ಎಂದು ನಿಟ್ಟುಸಿರುಬಿಟ್ಟರಂತೆ ನೀರಕ್ಕ. "ಒಂದ್ ಬಸ್ ಹೋಗಿ ಇನ್ನೊಂದ್ ಬರೋವರೆಗೆ ಅಷ್ಟೆ."

ಮಧ್ಯವಾರ್ಷಿಕ ಪರೀಕ್ಷೆಯಲ್ಲಿ ಹುಡುಗಿ ವಿಜ್ಞಾನವನ್ನು ಕಷ್ಟಪಟ್ಟು ದಾಟಿದ್ದಾಳೆ. ದೊಡ್ಡ ಪರೀಕ್ಷೆ ಇನ್ನೂ ಮುಂದಿದೆ. ಅಂಗಡಿಯ ಜಾಗವೂ ಖಾಲಿ ಇದೆ ಎಂದು ಅತ್ತೆ ಆಗಾಗ ನೆನಪಿಸುತ್ತಾರೆ. ಮಗಳು ಏನಾಗಬೇಕು ಎಂದು ಕೇಳಿದರೆ ನೀರಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತಾರೆ.

"ಏನಾದ್ರೂ ಆಗ್ಲಿ, ಅದು ಅವಳಿಷ್ಟ. ಮಧ್ಯದಲ್ಲಿ ಬಿಡಬಾರ್ದು ಅಷ್ಟೆ. ಈಗಷ್ಟೇ ನಂಗೆ ಒಂದೊಂದೇ ಅರ್ಥ ಆಗ್ತಾ ಇದೆ. ಅವಳು ನಿಲ್ಲಿಸಿಬಿಟ್ರೆ ನನ್ ಓದೂ ಅಲ್ಲಿಗೇ ನಿಂತ್ಹೋಗುತ್ತಲ್ವಾ?"