ಸುಕನ್ಯಾಳ ‘ಡಿಸ್‌ಅಗ್ರೀ’

ಉಣಕಲ್ಲಿನ ಸುಕನ್ಯಾಗೆ ಮೂವತ್ತೈದನೇ ವಯಸ್ಸಿನಲ್ಲಿ ಇಂಗ್ಲಿಷ್ ಕಲಿಯುವ ಹುಕಿ ಬಂದದ್ದು ಜ್ಞಾನದ ಹಸಿವಿನಿಂದಲ್ಲ, ಹೊಟ್ಟೆಕಿಚ್ಚಿನಿಂದ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಮನೆಯಲ್ಲಿ ಮೈದುನನ ಹೆಂಡತಿ ಸೌಮ್ಯಾ ಇದ್ದಳು, ಧಾರವಾಡದಲ್ಲಿ ಬಿ.ಕಾಂ. ಓದಿದವಳು. ಸುಕನ್ಯಾಳ ಒಬ್ಬಳೇ ಮಗಳು ಸಾನ್ವಿ, ಐದನೇ ತರಗತಿ, ಇಂಗ್ಲಿಷ್ ಮೀಡಿಯಂ. ಶಾಲೆಯಿಂದ ಬಂದವಳೇ ಚೀಲದ ಸಮೇತ ಚಿಗವ್ವ ಸೌಮ್ಯಾಳ ಕೋಣೆ ಸೇರುತ್ತಿದ್ದಳು. ಒಳಗಿನಿಂದ ನಗು ಕೇಳಿಸುತ್ತಿತ್ತು. ಹೊರಗೆ ಸುಕನ್ಯಾ ಖಾನಾವಳಿಗೆಂದು ದಿನಕ್ಕೆ ಇನ್ನೂರು ರೊಟ್ಟಿ ಬಡಿಯುತ್ತಿದ್ದಳು. ನಗು ಜೋರಾದಷ್ಟೂ ರೊಟ್ಟಿ ತೆಳ್ಳಗಾಗುತ್ತಿತ್ತು.

ಶಾಲೆಯ ಪಾಲಕರ ಸಭೆಗೆ ಎರಡು ವರ್ಷದಿಂದ ಹೋಗುತ್ತಿದ್ದವಳೂ ಸೌಮ್ಯಾಳೇ. “ಅಲ್ಲೆ ಎಲ್ಲಾರೂ ಇಂಗ್ಲಿಷ್‌ನ್ಯಾಗ ಮಾತಾಡ್ತಾರವ್ವ. ನೀ ಸುಮ್ನ ಕುಂತಿರ್ತಿ” ಎಂದಿದ್ದಳು ಸಾನ್ವಿ. ಮಗು ಮನಸ್ಸಿನಲ್ಲಿ ಏನೋ ಇಟ್ಟುಕೊಂಡು ಆಡಿದ ಮಾತಲ್ಲ, ಅದಕ್ಕೇ ಇನ್ನಷ್ಟು ಚುಚ್ಚಿತು. ಈ ಸಲ ಮಗಳ ಪಕ್ಕದ ಕುರ್ಚಿಯಲ್ಲಿ ತಾನೇ ಕೂಡಬೇಕೆಂದು ಸುಕನ್ಯಾ ಹಟ ಹಿಡಿದಳು.

ಓಣಿಯ ಮಹಿಳಾ ಸಂಘದಲ್ಲಿ ಅಂಬರೀಷ ಸರ್ ಮಧ್ಯಾಹ್ನ ಇಂಗ್ಲಿಷ್ ಕ್ಲಾಸ್ ನಡೆಸುತ್ತಿದ್ದರು. ವಾರಕ್ಕೊಂದು ಕ್ರಿಯಾಪದ. ಅದನ್ನಿಟ್ಟುಕೊಂಡು ದಿನಕ್ಕೊಂದು ವಾಕ್ಯವನ್ನು ಮನೆಯವರ ಮುಂದೆ ಬಾಯಿಬಿಟ್ಟು ಹೇಳಬೇಕು. ಮೂರನೇ ವಾರ ಬಂದದ್ದು ‘ಡಿಸ್‌ಅಗ್ರೀ’.

“ಒಬ್ಬರ ಮಾತಿಗೆ ನಿಮ್ಮ ಮನಸ್ಸು ಒಪ್ಪಲಿಲ್ಲ ಅಂದ್ರ ಇದನ್ನ ಹೇಳೂದ್ರಿ. ಇದು ಜಗಳಾ ಅಲ್ಲ, ಬೈಗಳಾನೂ ಅಲ್ಲ” ಎಂದರು ಸರ್.

ಹನ್ನೆರಡು ವರ್ಷದ ಸಂಸಾರದಲ್ಲಿ ಸುಕನ್ಯಾ ಅತ್ತೆ ದುರಗವ್ವನಿಗೆ ಒಮ್ಮೆಯೂ ಎದುರಾಡಿದವಳಲ್ಲ. ಹಿರಿಯರು ಏನೇ ಅಂದರೂ ಆ ಮನೆಯ ಸೊಸೆಯಂದಿರ ಉತ್ತರ ಒಂದೇ, “ಹೂನ್ರಿ ಅತ್ತಿ”. ಆದರೆ ಇಂಗ್ಲಿಷಿನಲ್ಲಿ ಅಂದರೆ ಯಾರು ತಡೆಯುತ್ತಾರೆ? ಸೋಮವಾರ ದುರಗವ್ವ “ಸಾರಿಗೆ ಉಪ್ಪ ಕಡಿಮಿ ಆಗೇತಿ” ಎಂದಾಗ ಸುಕನ್ಯಾ ತಲೆ ತಗ್ಗಿಸಿಕೊಂಡೇ, “ಐ ಡಿಸ್‌ಅಗ್ರೀ ವಿತ್ ಯು” ಎಂದಳು.

“ಏನಂದ್ಯವ್ವಾ?”

“ಕ್ಲಾಸಿನ ಪಾಠ ರೀ ಅತ್ತಿ.”

“ಛಲೋ ಐತಿ, ಕಲಿ” ಎಂದು ದುರಗವ್ವ ತಾನೇ ಉಪ್ಪು ಹಾಕಿಕೊಂಡಳು.

ಸುಕನ್ಯಾಗೆ ರುಚಿ ಹತ್ತಿತು. ಬುಧವಾರದ ಹೊತ್ತಿಗೆ ವಾಕ್ಯಗಳೆಲ್ಲ ಸೌಮ್ಯಾಳ ಕಡೆ ತಿರುಗಿದವು. ಸೌಮ್ಯಾ ಮಾಡಿದ ಚಹಾಕ್ಕೆ ಡಿಸ್‌ಅಗ್ರೀ, ಸೌಮ್ಯಾ ಸಾನ್ವಿಗೆ ಹಾಕಿದ ಜಡೆಗೆ ಡಿಸ್‌ಅಗ್ರೀ, ಕಡೆಗೆ ಸೌಮ್ಯಾಳ ನಗುವಿಗೂ ಡಿಸ್‌ಅಗ್ರೀ. ಇವನ್ನು ಮಾತ್ರ ಒಲೆಯ ಮೇಲಿನ ಹಂಚಿಗೆ ಹೇಳಿದಳು, ಸೌಮ್ಯಾಗೆ ಇಂಗ್ಲಿಷ್ ತಿಳಿಯುತ್ತದಲ್ಲ.

ಶನಿವಾರ ಸಭೆ. ಸೌಮ್ಯಾ ಸೀರೆ ತೆಗೆದಿಟ್ಟುಕೊಂಡಿದ್ದಳು. “ಇವತ್ತ ನಾ ಹೊಂಟೇನಿ” ಎಂದಳು ಸುಕನ್ಯಾ. ಸಾನ್ವಿಯ ಮುಖ ಸಣ್ಣದಾಯಿತು. ಸೌಮ್ಯಾ “ಹೋಗಿ ಬಾ ಅಕ್ಕಾ” ಎಂದು ಸೀರೆಯನ್ನು ಮತ್ತೆ ಟ್ರಂಕಿನಲ್ಲಿಟ್ಟಳು.

ಶಾಲೆಯಲ್ಲಿ ಟೀಚರು ಇವಳನ್ನು ನೋಡಿದವರೇ ಕನ್ನಡದಲ್ಲಿ ಶುರುಮಾಡಿದರು. ಮೂರು ವಾರದ ಇಂಗ್ಲಿಷ್ ಹೊಟ್ಟೆಯಲ್ಲೇ ಉಳಿಯಿತು.

“ಸಾನ್ವಿ ಭಾಳ ಚುರುಕಾಗ್ಯಾಳ್ರಿ. ಮನ್ಯಾಗ ಯಾರ ಹೇಳಿಕೊಡ್ತಾರ?”

ಸೌಮ್ಯಾಳ ಹೆಸರು ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿ ಸುಕನ್ಯಾ ಹೇಳಿದಳು, “ನಾನ ರೀ.”

ಸಾನ್ವಿ ತಿರುಗಿ ತಾಯಿಯ ಮುಖ ನೋಡಿದಳು. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಳು.

ಮನೆಗೆ ಬಂದೊಡನೆ ಸೌಮ್ಯಾ ಕೇಳಿದಳು, “ಟೀಚರು ಏನಂದ್ರು?”

“ನನಗ ಅವ್ವನ ಹೇಳಿಕೊಡ್ತಾಳಂತ. ಟೀಚರ್ ಮುಂದ ಹಂಗ ಹೇಳಿದ್ಲು” ಎಂದಳು ಸಾನ್ವಿ.

ಸುಕನ್ಯಾ ಸೆರಗು ಸಿಕ್ಕಿಸಿಕೊಂಡು ನಿಂತಳು. ಸೌಮ್ಯಾ ಏನಂದರೂ ಉತ್ತರ ತಯಾರಿತ್ತು. ಹೆತ್ತವಳು ನಾನು, ಜ್ವರ ಬಂದಾಗ ತೊಡೆಯ ಮೇಲೆ ಹಾಕಿಕೊಂಡು ಕೂತವಳು ನಾನು, ಎಲ್ಲವೂ ಸಾಲಾಗಿ ಬಾಯಿಗೆ ಬಂದು ನಿಂತಿದ್ದವು.

ಸೌಮ್ಯಾ ಮಗುವಿನ ಕೂದಲು ಸರಿಮಾಡುತ್ತ ಹೇಳಿದಳು, “ಅದ್ರಾಗ ತಪ್ಪೇನೈತಿ? ನಿಮ್ಮವ್ವ ದುಡದು ನಿನ್ನ ಸಾಲಿಗೆ ಹಾಕದಿದ್ರ ನಾ ಯಾರಿಗೆ ಹೇಳಿಕೊಡ್ತಿದ್ದೆ? ಅವ್ವನ ಮ್ಯಾಲ ಸಿಟ್ಟ ಮಾಡಬಾರ್ದು.”

ಸಾನ್ವಿ ಚಿಗವ್ವನ ಸೊಂಟ ತಬ್ಬಿ ನಿಂತಳು. ಜಗಳವಾಗಿದ್ದರೆ ಮಗಳು ಯಾರ ಕಡೆ ಎಂಬ ಒಂದು ಅನುಮಾನವಾದರೂ ಉಳಿಯುತ್ತಿತ್ತು. ಇಲ್ಲಿಯವರೆಗೆ ಸೌಮ್ಯಾ ತನಗಿಂತ ಹೆಚ್ಚು ಓದಿದವಳಾಗಿದ್ದಳು, ಅಷ್ಟೇ. ಈಗ ತನಗಿಂತ ಒಳ್ಳೆಯವಳೂ ಆಗಿಬಿಟ್ಟಳು. ಸುಕನ್ಯಾಗೆ ಅವತ್ತು ಹೊಟ್ಟೆ ಉರಿದಷ್ಟು ಹಿಂದೆಂದೂ ಉರಿದಿರಲಿಲ್ಲ.