ಬಿಳಿ ಕುದುರೆಯ ಎದುರಿಗೆ

ನಿಪ್ಪಾಣಿಯ ಸಾಯಿರಾಗೆ ಅರವತ್ತು ದಾಟಿದೆ. ಬೀಡಿ ಕಟ್ಟಿ ಕಟ್ಟಿ ಬೆರಳ ತುದಿಗಳು ಸವೆದಿವೆ, ಗಂಡ ಇಸಾಕ ತೀರಿಕೊಂಡು ಕೆಲವು ವರ್ಷಗಳಾಗಿವೆ. ಆದರೂ ರಾಮವ್ವನ ಹೆಸರು ಕಿವಿಗೆ ಬಿದ್ದರೆ ಇಂದಿಗೂ ಆಕೆಯ ಹೊಟ್ಟೆ ಉರಿಯುತ್ತದೆ.

ಆ ಕಿಚ್ಚು ಹತ್ತಿದ್ದು ಮರದ ಕುದುರೆಗಳಿಂದ. ಇಸಾಕನ ಅಜ್ಜ ತೇಗದಲ್ಲಿ ಕೆತ್ತಿದ ಎಂಟು ಕುದುರೆಗಳ, ಮೇಲೆ ಕೂತು ಗಿರಗಿರ ಸುತ್ತುವ ಚಕ್ರವೊಂದಿತ್ತು. ಸುತ್ತಲಿನ ಊರುಗಳಲ್ಲಿ ಅಂಥದ್ದು ಇನ್ನೊಂದಿರಲಿಲ್ಲ. ಮೋಟಾರಿಲ್ಲ, ಎಂಜಿನ್ನಿಲ್ಲ, ಒಂದು ಕುದುರೆಯ ಬೆನ್ನಿಗೆ ನಿಂತು ನೂಕುತ್ತ, ಅದರ ಜೊತೆಗೇ ಓಡಬೇಕು. ಹರೆಯದ ಇಸಾಕ ಅದನ್ನು ತಂಬಾಕು ತುಂಬಿಡುವ ವಖಾರಿಗಳ ಪಕ್ಕದ ಬಯಲಿನಲ್ಲಿ ನಿಲ್ಲಿಸಿಕೊಂಡಿದ್ದ. ಶನಿವಾರ ಬೀಡಿ ಒಪ್ಪಿಸಿ ಬರುವ ಹುಡುಗಿಯರು ಅವನಿಗೆ ದುಡ್ಡು ಕೊಡುತ್ತಿರಲಿಲ್ಲ. ಸಡಿಲವಾಗಿವೆಯೆಂದು ಕಾರ್ಖಾನೆಯ ಚೆಕ್ಕರ್ ತೆಗೆದು ಬಿಸಾಡಿದ ಬೀಡಿಗಳನ್ನು ಆಯ್ದು ತಂದು ಒಂದು ಹಿಡಿ ಕೊಟ್ಟರೆ ಸಾಕಿತ್ತು. ಸಾಯಿರಾ ಅದಕ್ಕೆಂದೇ ಬೇಕಂತಲೇ ಸಡಿಲ ಕಟ್ಟುತ್ತಿದ್ದಳು, ಮನೆಯಲ್ಲಿ ಬೈಸಿಕೊಳ್ಳುತ್ತಿದ್ದಳು.

ಬೈಸಿಕೊಂಡು ಹೋದರೆ ಸಿಗುತ್ತಿದ್ದದ್ದಾದರೂ ಏನು? ಎಂಟರಲ್ಲಿ ಬಿಳಿ ಕುದುರೆ ಒಂದೇ. ಅದರ ಮೇಲೆ ಆಕೆಯ ಜೊತೆಗಾತಿ ರಾಮವ್ವ, ನೆಟ್ಟಗೆ, ರಾಣಿಯ ಹಾಗೆ. ಇವಳಿಗೆ ಅದರ ನೇರ ಎದುರಿನ ಕಂದು ಕುದುರೆ. “ನಿಮ್ಮಿಬ್ಬರದೂ ಒಂದ ತೂಕ, ಎದರಾ ಎದರ ಕುಂತರ ಭಾರ ಸರಿ ಆಗತೈತಿ” ಎನ್ನುತ್ತಿದ್ದ ಇಸಾಕ. ಹಾಗಾದರೆ ಅದಲುಬದಲು ಮಾಡಿದರೂ ತೂಕ ಅಷ್ಟೇ ತಾನೆ? ಅದನ್ನು ಕೇಳುವಷ್ಟು ಬಾಯಿ ಆಗ ಆಕೆಗಿರಲಿಲ್ಲ. ಇನ್ನೂ ಉರಿಸಿದ ಸಂಗತಿ ಬೇರೆ. ಇಸಾಕ ನೂಕುತ್ತಿದ್ದದ್ದು ಯಾವಾಗಲೂ ಕಂದು ಕುದುರೆಯ ಹಿಂದಿನಿಂದ. ಅಲ್ಲಿಂದ ಬಿಳಿ ಕುದುರೆಯವಳು ಚೆನ್ನಾಗಿ ಕಾಣಲೆಂದೇ ಹಾಗೆ ಮಾಡುತ್ತಾನೆ ಎಂದು ಸಾಯಿರಾ ತೀರ್ಮಾನಿಸಿಬಿಟ್ಟಳು.

ಮುಂದೆ ಹಿರಿಯರು ಮಾತಾಡಿ ಆಕೆಯನ್ನು ಅದೇ ಇಸಾಕನಿಗೆ ಕೊಟ್ಟರು. ಗೆದ್ದವಳು ತಾನು ಎಂದು ಸುಮ್ಮನಿರಬಹುದಿತ್ತು, ಆದರೆ ಸುಮ್ಮನಿರುವ ಜಾಯಮಾನ ಆಕೆಯದಲ್ಲ. ಚಕ್ರ ಮಾರಿ ಅವನು ವಖಾರಿಯಲ್ಲಿ ಹಮಾಲಿಗೆ ಸೇರಿದ ಮೇಲೂ, ಸಾರಿಗೆ ಉಪ್ಪು ಹೆಚ್ಚಾಯಿತು ಎಂದನೋ, “ಬಿಳಿ ಕುದರಿಯಾಕಿನ್ನ ಕರಕೊಂಡ ಬರ್ರಿ, ಆಕಿ ಸರಿಯಾಗಿ ಹಾಕ್ತಾಳ” ಎನ್ನುತ್ತಿದ್ದಳು. ಇಸಾಕ ನಗುತ್ತಿದ್ದ. ಅಂಥದ್ದೇನಿಲ್ಲ ಎಂದು ಒಂದು ಮಾತು ಅನ್ನಬಾರದಿತ್ತೆ? ಅನ್ನದೆಯೇ ಮಣ್ಣಿಗೆ ಹೋದ.

ಈಗ ಕಾಗವಾಡದ ದ್ರಾಕ್ಷಿ ಬೆಳೆಗಾರ ನೇಮಿನಾಥ ತನ್ನ ತೋಟದ ಪಕ್ಕದಲ್ಲಿ ಮಕ್ಕಳ ಉದ್ಯಾನ ಮಾಡಿ, ಆ ಹಳೆಯ ಚಕ್ರವನ್ನು ಎಲ್ಲಿಂದಲೋ ಹುಡುಕಿ ತಂದು ನಿಲ್ಲಿಸಿದ್ದಾನೆ. ಸುದ್ದಿ ಮುಟ್ಟಿಸಿದವಳು ಅದೇ ಊರಿಗೆ ಮದುವೆಯಾಗಿ ಹೋಗಿದ್ದ ರಾಮವ್ವ. “ನಮ್ಮ ಕುದರಿ ಬಂದಾವ ಬೇ, ನೋಡಾಕ ಬಾ” ಎಂದಳು ಫೋನಿನಲ್ಲಿ. ನಮ್ಮ ಕುದುರೆಯಂತೆ. ಎಲ್ಲಿ ಆಕೆಯೊಬ್ಬಳೇ ಹತ್ತಿ ಕೂತುಬಿಡುತ್ತಾಳೋ ಎಂಬ ಸಂಕಟಕ್ಕೆ ಸಾಯಿರಾ ಮರುದಿನವೇ ಚಿಕ್ಕೋಡಿ ಬಸ್ಸು ಹತ್ತಿ, ಅಲ್ಲಿಂದ ಕಾಗವಾಡಕ್ಕೆ ಬಂದಳು.

ಕುದುರೆಗಳಿಗೆ ಹೊಸ ಬಣ್ಣ ಬಂದಿತ್ತು, ಚಕ್ರದ ನಡುವೆ ಮೋಟಾರು ಕೂತಿತ್ತು. ರಾಮವ್ವನ ಹಲ್ಲು ಹೋಗಿದ್ದವು, ನೆಟ್ಟನೆಯ ಬೆನ್ನು ಮಾತ್ರ ಹಾಗೆಯೇ ಇತ್ತು. ಅದನ್ನೂ ಸಾಯಿರಾಗೆ ಸಹಿಸಲಾಗಲಿಲ್ಲ. ಕುಶಲ ಕೇಳುವ ಮೊದಲೇ ಹೋಗಿ, ಸ್ಟೂಲಿಟ್ಟುಕೊಂಡು ಬಿಳಿ ಕುದುರೆ ಹತ್ತಿದಳು. ರಾಮವ್ವ ತಕರಾರು ತೆಗೆಯದೆ ಕಂದು ಕುದುರೆಯ ಮೇಲೆ ಕೂತಳು.

“ನನಗ ಆವಾಗಿಂದ ಈ ಕುದರಿನ ಬೇಕಾಗಿತ್ತು,” ಎಂದಳು.

“ಬಿಳೀದು ನಿನ್ನ ಕೈಯಾಗ ಇತ್ತಲ್ಲ.”

“ಬಿಳೀದ ತಗೊಂಡ ಏನ ಮಾಡ್ಲಿ? ಅಂವಾ ಓಡತಿದ್ದದ್ದು ನಿನ್ನ ಬೆನ್ನ ಹಿಂದ. ಒಂದ ಸಲಾನೂ ನನ್ನ ಕಡೆ ಕಣ್ಣ ಎತ್ತಲಿಲ್ಲ. ನಿನ್ನ ಜಡಿ ನೋಡಿಕೋತ ಓಡತಿದ್ದ.”

ಸಾಯಿರಾ ಬದುಕಿಡೀ ಕೇಳಬೇಕೆಂದಿದ್ದ ಮಾತು ಅದೊಂದೇ. ಇಸಾಕನ ಬಾಯಿಂದ ಕೇಳಬೇಕಾದದ್ದನ್ನು ಈಕೆಯ ಬಾಯಿಂದ ಕೇಳಬೇಕಾಯಿತಲ್ಲ ಎಂದು ಕಣ್ಣು ತುಂಬಿತು. ನೇಮಿನಾಥ ಮೋಟಾರು ಚಾಲೂ ಮಾಡಿದ. ಅರ್ಧ ಸುತ್ತು ಬರುವಷ್ಟರಲ್ಲಿ ಆಕೆಗೆ ಇನ್ನೊಂದು ಹೊಳೆಯಿತು. ಕತ್ತು ಹೊರಳಿಸಿ ರಾಮವ್ವನನ್ನು ದಿಟ್ಟಿಸಿದಳು.

“ಅಂವಾ ಎತ್ತಾಗ ನೋಡತಿದ್ದ ಅನ್ನೂದು ನಿನಗ ಹೆಂಗ ಗೊತ್ತು?”

“ಮತ್ತ ನಾ ಯಾಕ ಬರತಿದ್ನಿ ಅನಕೊಂಡಿದ್ದಿ?” ಎಂದಳು ರಾಮವ್ವ.

ಸಾಯಿರಾ ಚಕ್ರ ನಿಲ್ಲಿಸಲು ನೇಮಿನಾಥನಿಗೆ ಕೈ ಮಾಡಿದಳು. ಇಳಿದು ಆ ಬದಿಗೆ ಹೋಗಿ ರಾಮವ್ವನ ಸೆರಗು ಹಿಡಿದಳು.

“ಇಳಿ ಬೇ ಕೆಳಗ. ಇದು ನನ್ನ ಕುದರಿ.”